ಎರಡು ಆರೈಕೆ ಮನೆಗಳಲ್ಲಿ ಯಾವುದನ್ನು ಆರಿಸಬೇಕು? ಅಲ್ಲಿ ಬಾಳುವವರ ಕಡೆಯಿಂದ ನೋಡೋಣ

ಮೊದಲ ಸಲ ಆರೈಕೆ ಮನೆ ನೋಡಲು ಹೋದಾಗ ನಾನು ನೆಲ ನೋಡಿದೆ. ಗೋಡೆಯ ಬಣ್ಣ ನೋಡಿದೆ. ಬಚ್ಚಲು ಎಷ್ಟು ಚೊಕ್ಕಟವಾಗಿದೆ ಅಂತ ಇಣುಕಿದೆ. ನೋಡಿದ್ದ ಎರಡು ಮನೆಗಳಲ್ಲಿ ಹೆಚ್ಚು ಹೊಳೆಯುತ್ತಿದ್ದುದನ್ನೇ ದೊಡ್ಡಮ್ಮನಿಗೆ ಆರಿಸಿದೆವು. ಅಲ್ಲಿ ಅವರಿಗೆ ಯಾವ ತೊಂದರೆಯೂ ಆಗಲಿಲ್ಲ. ಮಾತ್ರೆ ಹೊತ್ತಿಗೆ ಸರಿಯಾಗಿ ಸಿಗುತ್ತಿತ್ತು. ಹಾಸಿಗೆ ಶುಭ್ರವಾಗಿರುತ್ತಿತ್ತು. ಆದರೆ ಆರು ತಿಂಗಳಲ್ಲಿ ಅವರ ಮಾತು ಕಡಿಮೆಯಾಯಿತು. ಹೇಗಿದ್ದೀರಿ ಅಂತ ಕೇಳಿದಾಗಲೆಲ್ಲ "ಎಲ್ಲಾ ಚೆನ್ನಾಗಿದೆ" ಅನ್ನುತ್ತಿದ್ದರು. ಒಂದು ದಿನ ಮಾತ್ರ ತಾವಾಗಿಯೇ ಹೇಳಿದರು: "ಬೆಳಿಗ್ಗೆ ಐದೂವರೆಗೆ ದೀಪ ಹಾಕಿಬಿಡ್ತಾರೆ. ನಂಗೆ ಅಷ್ಟೊತ್ತಿಗೆ ಎದ್ದು ಮಾಡೋ ಕೆಲಸ ಏನೂ ಇಲ್ಲ. ಆದ್ರೂ ಏಳ್ಬೇಕು."

ಆ ಮಾತು ಕೇಳಿದ ಮೇಲೆ ನಾನು ಆರೈಕೆ ಮನೆಗಳನ್ನು ನೋಡುವ ಬಗೆಯೇ ಬದಲಾಯಿತು. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಓದಿದ್ದು, ನೋಡಿದ್ದು, ಕೇಳಿ ತಿಳಿದದ್ದು ಎಲ್ಲ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ನರ್ಸಿಂಗ್ ಹೋಮ್ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕ ಆಸ್ಪತ್ರೆ ನೆನಪಾಗುತ್ತದೆ. ನಾನಿಲ್ಲಿ ಹೇಳುತ್ತಿರುವುದು ಬೇರೆ. ಸ್ನಾನ, ಬಟ್ಟೆ, ಊಟ, ನಡಿಗೆ ಇಂಥದ್ದಕ್ಕೆ ದಿನವೂ ಇನ್ನೊಬ್ಬರ ನೆರವು ಬೇಕಾದ ಹಿರಿಯರು ವರ್ಷಗಟ್ಟಲೆ ಇರುವ ಜಾಗ. ಆಸ್ಪತ್ರೆಯಲ್ಲಿ ನಾಲ್ಕು ದಿನ ಏನನ್ನಾದರೂ ಸಹಿಸಿಕೊಳ್ಳಬಹುದು. ಇದು ಅವರ ಮನೆ. ಹಾಗಾಗಿ ಇದನ್ನು ಆಸ್ಪತ್ರೆ ಆರಿಸುವ ಹಾಗೆ ಆರಿಸಿದರೆ ತಪ್ಪಾಗುತ್ತದೆ.

ಮೊದಲು ಅವರನ್ನೇ ಕೇಳಿ

ಎರಡು ಮನೆಗಳನ್ನು ಹೋಲಿಸುವ ಮೊದಲು ಒಂದು ಪಟ್ಟಿ ಬೇಕು. ಆ ಪಟ್ಟಿ ನಮ್ಮದಾಗಬಾರದು, ಅಲ್ಲಿ ಹೋಗಿ ಇರುವವರದ್ದಾಗಬೇಕು. ಮಕ್ಕಳು ಹೆಚ್ಚಾಗಿ ಸುರಕ್ಷತೆ, ವೈದ್ಯರು, ಶುಚಿತ್ವ ಅಂತ ಶುರು ಮಾಡುತ್ತಾರೆ. ಹಿರಿಯರ ಮನಸ್ಸಿನಲ್ಲಿ ಇರುವುದು ಬೇರೆಯೇ ಆಗಿರಬಹುದು.

ಅಮೆರಿಕದ ಆರೈಕೆ ಮನೆಗಳಲ್ಲಿ 2010ರಿಂದ ಒಂದು ಪದ್ಧತಿ ಇದೆ. ಸೇರುವ ಪ್ರತಿಯೊಬ್ಬರಿಗೂ ಕೆಲವು ಸಣ್ಣ ಪ್ರಶ್ನೆಗಳನ್ನು ಕೇಳುತ್ತಾರೆ. ಯಾವ ಬಟ್ಟೆ ಹಾಕಿಕೊಳ್ಳಬೇಕು ಅಂತ ನೀವೇ ಆರಿಸುವುದು ನಿಮಗೆ ಎಷ್ಟು ಮುಖ್ಯ? ನಿಮ್ಮ ವಸ್ತುಗಳನ್ನು ನೀವೇ ನೋಡಿಕೊಳ್ಳುವುದು? ಯಾವ ಬಗೆಯ ಸ್ನಾನ ಅಂತ ಹೇಳುವುದು? ಮಲಗುವ ಹೊತ್ತು? ಯಾರಿಗೂ ಕೇಳಿಸದ ಹಾಗೆ ಫೋನಿನಲ್ಲಿ ಮಾತಾಡುವುದು? ವಸ್ತುಗಳನ್ನು ಬೀಗ ಹಾಕಿ ಇಡಲು ಒಂದು ಜಾಗ? ಕಾಯಿಲೆಯ ಸುದ್ದಿ ಇವುಗಳಲ್ಲಿ ಇಲ್ಲವೇ ಇಲ್ಲ. ಎಲ್ಲವೂ ದಿನದ ಬದುಕಿನ ಮಾತು.

ಇವನ್ನೇ ನಿಮ್ಮ ತಂದೆಗೋ ತಾಯಿಗೋ ಕೇಳಿ ನೋಡಿ. ಒಂದೇ ಸಲ ಕೂತು ಎಲ್ಲ ಕೇಳಬೇಕಿಲ್ಲ. ಹೀಗೇ ಮಾತಿನ ನಡುವೆ ಕೇಳಿ. ಬರುವ ಉತ್ತರ ನಿಮಗೆ ಆಶ್ಚರ್ಯ ತರಬಹುದು. ನನ್ನ ಪರಿಚಯದ ಒಬ್ಬ ಹಿರಿಯರು ಬೇರೆ ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. "ರಾತ್ರಿ ರೇಡಿಯೊ ಹಾಕಬಹುದಾ" ಅಂತ ಮಾತ್ರ ಕೇಳಿದರು. ಅವರ ಮಟ್ಟಿಗೆ ಎರಡು ಮನೆಗಳ ನಡುವಿನ ತೀರ್ಮಾನ ಆ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ಅದು ಸಣ್ಣ ವಿಷಯ ಅಂತ ಹೇಳಲು ನಾವ್ಯಾರು, ಅಲ್ವಾ?

ಮರೆವು ಶುರುವಾಗಿದೆ, ಇನ್ನು ಅವರನ್ನು ಏನು ಕೇಳುವುದು ಅಂತ ಕೈಬಿಡಬೇಡಿ. ಮರೆವು ತೀರಾ ಜಾಸ್ತಿಯಾಗುವ ತನಕ ತಮಗೆ ಏನು ಇಷ್ಟ, ಏನು ಬೇಡ ಅಂತ ಹೆಚ್ಚಿನವರು ಸ್ಪಷ್ಟವಾಗಿ ಹೇಳಬಲ್ಲರು. ಕುಟುಂಬದವರು ಅವರ ಪರವಾಗಿ ಹೇಳುವ ಉತ್ತರ ಎಷ್ಟೋ ಸಲ ಅವರ ಉತ್ತರಕ್ಕೆ ಹೊಂದುವುದಿಲ್ಲ. ಪ್ರೀತಿ ಎಷ್ಟೇ ಇದ್ದರೂ ಇದು ಹಾಗೇ.

ಗಡಿಯಾರ ಯಾರ ಕೈಯಲ್ಲಿದೆ?

ಎರಡು ಮನೆಗಳನ್ನು ಹೋಲಿಸುವಾಗ ನಾನು ಮೊದಲು ನೋಡುವುದು ಇದನ್ನೇ. ಒಂದು ಮನೆಯಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಏಳುತ್ತಾರೆ, ಒಂದೇ ಹೊತ್ತಿಗೆ ಉಣ್ಣುತ್ತಾರೆ, ಎಂಟಕ್ಕೆ ದೀಪ ಆರುತ್ತದೆ. ನೋಡಲು ಶಿಸ್ತು. ಇನ್ನೊಂದರಲ್ಲಿ ಒಬ್ಬರು ಹಾಸಿಗೆಯಲ್ಲಿದ್ದಾರೆ, ಒಬ್ಬರು ತಿಂಡಿ ಮುಗಿಸಿದ್ದಾರೆ, ಒಬ್ಬರು ರಾತ್ರಿ ಬಟ್ಟೆಯಲ್ಲೇ ಕಿಟಕಿ ಪಕ್ಕ ಕೂತಿದ್ದಾರೆ. ನೋಡಲು ಅಸ್ತವ್ಯಸ್ತ. ಮೊದಲ ಭೇಟಿಯಲ್ಲಿ ನಮಗೆಲ್ಲ ಶಿಸ್ತಿನ ಮನೆಯೇ ಹಿಡಿಸುತ್ತದೆ. ಅಲ್ಲಿ ಇರುವವರಿಗೆ ಎರಡನೆಯದೇ ಹಿಡಿಸುವ ಸಂಭವ ಹೆಚ್ಚು.

ಈ ಬಗ್ಗೆ ಒಂದು ಹಳೆಯ ಪ್ರಯೋಗ ಇದೆ. 1976ರಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರೋಡಿನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞೆಯರು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಒಂದು ಆರೈಕೆ ಮನೆಯಲ್ಲಿ ಎರಡು ಮಹಡಿಗಳನ್ನು ಆರಿಸಿಕೊಂಡರು. ಒಂದು ಮಹಡಿಯವರಿಗೆ "ನಿಮ್ಮ ಕೋಣೆ ಹೇಗಿರಬೇಕು, ಹೊತ್ತು ಹೇಗೆ ಕಳೆಯಬೇಕು ಅನ್ನುವುದು ನಿಮಗೇ ಬಿಟ್ಟದ್ದು" ಅಂತ ಹೇಳಲಾಯಿತು. ಬೇಕಾದವರು ಒಂದು ಸಣ್ಣ ಗಿಡ ಆರಿಸಿಕೊಳ್ಳಬಹುದಿತ್ತು, ಅದನ್ನು ಅವರೇ ನೋಡಿಕೊಳ್ಳಬೇಕಿತ್ತು. ಸಿನಿಮಾ ಯಾವ ಸಂಜೆ ನೋಡುವುದು ಅಂತ ಅವರೇ ತೀರ್ಮಾನಿಸಬಹುದಿತ್ತು. ಇನ್ನೊಂದು ಮಹಡಿಯವರಿಗೂ ಗಿಡ ಸಿಕ್ಕಿತು, ಸಿನಿಮಾ ಸಿಕ್ಕಿತು. ಆದರೆ ಗಿಡಕ್ಕೆ ನೀರು ಹಾಕುವವರು ನರ್ಸ್‌ಗಳು. ಸಿನಿಮಾ ಯಾವತ್ತು ಅಂತ ಹೇಳುವವರೂ ಅವರೇ. ಮೂರು ವಾರದಲ್ಲಿ ಮೊದಲ ಮಹಡಿಯವರು ಹೆಚ್ಚು ಚುರುಕಾದರು, ಹೆಚ್ಚು ಖುಷಿಯಾಗಿದ್ದೇವೆ ಅಂದರು. ಆಮೇಲೆ 18 ತಿಂಗಳು ಕಳೆದಾಗ ಮೊದಲ ಗುಂಪಿನಲ್ಲಿ ಸತ್ತವರು ಕಡಿಮೆ ಎಂಬ ಲೆಕ್ಕವೂ ಬಂತು. ಸಾವಿನ ಆ ಲೆಕ್ಕವನ್ನು ನಾನು ಜಾಸ್ತಿ ನೆಚ್ಚುವುದಿಲ್ಲ. ಗುಂಪುಗಳು ತೀರಾ ಚಿಕ್ಕವು. ಲೆಕ್ಕದಲ್ಲಿದ್ದ ತಪ್ಪಿಗೆ ಅವರೇ 1978ರಲ್ಲಿ ತಿದ್ದುಪಡಿ ಕೊಟ್ಟರು. ಆದರೆ ಗಿಡದ ವಿಷಯ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಎರಡೂ ಕಡೆ ಗಿಡ ಒಂದೇ. ನೀರು ಹಾಕುವ ಕೈ ಮಾತ್ರ ಬೇರೆ.

ನೀವು ನೋಡಲು ಹೋದ ಕಡೆ "ಇಲ್ಲಿ ಸ್ವಾತಂತ್ರ್ಯ ಇದೆಯಾ" ಅಂತ ಕೇಳಬೇಡಿ. ಎಲ್ಲರೂ ಇದೆ ಅನ್ನುತ್ತಾರೆ. ಬದಲಿಗೆ ಹೀಗೆ ಕೇಳಿ: ಒಂಬತ್ತು ಗಂಟೆಯ ತನಕ ಮಲಗಿದವರಿಗೆ ತಿಂಡಿ ಹೇಗೆ ಸಿಗುತ್ತದೆ? ಸ್ನಾನದ ದಿನ ಇವತ್ತು ಬೇಡ ಅಂದರೆ ಏನು ಮಾಡುತ್ತೀರಿ? ರಾತ್ರಿ ಹನ್ನೊಂದಕ್ಕೆ ನಿದ್ದೆ ಬರದೆ ಎದ್ದು ಬಂದವರು ಎಲ್ಲಿ ಕೂರುತ್ತಾರೆ? ಇಂಥ ಪ್ರಶ್ನೆಗೆ ಉತ್ತರ ಥಟ್ಟನೆ ಬಂದರೆ ಅದು ಅಲ್ಲಿ ನಿಜವಾಗಿ ನಡೆಯುವ ವಿಷಯ ಅಂತ ತಿಳಿಯಬಹುದು. "ಅಂಥ ಸಂದರ್ಭ ಬರುವುದಿಲ್ಲ" ಅಂದರೆ ಹುಷಾರಾಗಿರಿ. ಇಡೀ ಮನೆಯಲ್ಲಿ ಒಬ್ಬರಿಗೂ ತಡವಾಗಿ ಏಳಬೇಕು ಅನ್ನಿಸುವುದಿಲ್ಲ ಅಂದರೆ ನಂಬುವುದು ಕಷ್ಟ.

ರಾತ್ರಿಯ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ. ಬಟ್ಟೆ ಒದ್ದೆಯಾಗಿದೆಯಾ ಅಂತ ನೋಡಲು ಗಂಟೆಗಂಟೆಗೆ ದೀಪ ಹಾಕಿ ಎಬ್ಬಿಸುವ ಪದ್ಧತಿ ಹಲವು ಕಡೆ ಇದೆ. ಉದ್ದೇಶ ಒಳ್ಳೆಯದೇ. ಆದರೆ ಹೀಗೆ ತುಂಡುತುಂಡು ನಿದ್ದೆ ಮಾಡಿದವರು ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಸುತ್ತಾರೆ. ಹಗಲು ಬಂದ ನಾವು "ವಯಸ್ಸಾಯ್ತು, ಸುಸ್ತು" ಅಂದುಕೊಂಡು ಹೊರಡುತ್ತೇವೆ.

ಅದೇ ಕೈಗಳು, ಅದೇ ಮುಖಗಳು

1985ರಲ್ಲಿ ಅಮೆರಿಕದ ಒಂದು ನಾಗರಿಕ ಒಕ್ಕೂಟ 15 ನಗರಗಳಲ್ಲಿ 400ಕ್ಕೂ ಹೆಚ್ಚು ನಿವಾಸಿಗಳನ್ನು ಕೂರಿಸಿ, ಒಳ್ಳೆಯ ಆರೈಕೆ ಅಂದರೆ ನಿಮ್ಮ ಪ್ರಕಾರ ಏನು ಅಂತ ಕೇಳಿತು. ಎಲ್ಲಕ್ಕಿಂತ ಮೇಲೆ ಬಂದದ್ದು ಸಿಬ್ಬಂದಿಯ ವಿಷಯ. ಸಾಕಷ್ಟು ಜನ ಇರಬೇಕು, ಅವರ ನಡವಳಿಕೆ ಒಳ್ಳೆಯದಿರಬೇಕು, ನಮ್ಮ ಬಗ್ಗೆ ಕಾಳಜಿ ಇರಬೇಕು ಅಂದರು. ಇಷ್ಟು ವರ್ಷ ಕಳೆದರೂ ಈ ಉತ್ತರ ಹೆಚ್ಚೇನೂ ಬದಲಾಗಿಲ್ಲ. ಯಾವ ನಿವಾಸಿಯ ಜೊತೆ ಹತ್ತು ನಿಮಿಷ ಮಾತಾಡಿದರೂ ಮಾತು ಕೊನೆಗೆ ಒಬ್ಬ ಆರೈಕೆಯವರ ಹೆಸರಿಗೆ ಬಂದು ನಿಲ್ಲುತ್ತದೆ.

ಯಾಕೆ ಅಂತ ಸ್ವಲ್ಪ ಯೋಚಿಸಿ. ಸ್ನಾನ ಮಾಡಿಸುವುದು, ಶೌಚಕ್ಕೆ ಕರೆದೊಯ್ಯುವುದು, ಒಳಬಟ್ಟೆ ಬದಲಿಸುವುದು. ಇದನ್ನು ದಿನಕ್ಕೊಬ್ಬ ಹೊಸಬರ ಕೈಯಲ್ಲಿ ಮಾಡಿಸಿಕೊಳ್ಳುವುದು ಯಾರಿಗಾದರೂ ಹಿಂಸೆ. ಎಷ್ಟೇ ಮೃದುವಾಗಿ ಮಾಡಿದರೂ ಹಿಂಸೆಯೇ. ಅದೇ ಕೈ, ಅದೇ ಮುಖ ಆದರೆ ನಾಚಿಕೆ ನಿಧಾನಕ್ಕೆ ಕರಗುತ್ತದೆ. ಆರೈಕೆಯವರಿಗೂ ಗೊತ್ತಾಗುತ್ತದೆ: ಇವರ ಎಡ ಭುಜ ನೋಯುತ್ತದೆ, ಇವರಿಗೆ ಮುಖಕ್ಕೆ ನೀರು ಕೊನೆಗೆ ಹಾಕಬೇಕು, ಇವರು ಸಂಜೆ ಸುಮ್ನೆ ಕೂತರೆ ಏನೋ ಬೇಸರ ಇದೆ ಅಂತ ಅರ್ಥ.

ದೊಡ್ಡಮ್ಮನನ್ನು ನಾವು ಆಮೇಲೆ ಇನ್ನೊಂದು ಮನೆಗೆ ಸೇರಿಸಿದೆವು. ಕಟ್ಟಡ ಹಳೆಯದು. ಕಿಟಕಿ ಒಂದು ಸರಿಯಾಗಿ ಮುಚ್ಚುತ್ತಿರಲಿಲ್ಲ. ಆದರೆ ಮೂರನೇ ವಾರಕ್ಕೆ ಅಲ್ಲಿನ ಒಬ್ಬ ಆರೈಕೆಯಾಕೆ ನನಗೆ ಹೇಳಿದಳು: "ಇವರಿಗೆ ದಿಂಬು ಎರಡು ಬೇಕು, ಒಂದು ತಲೆಗೆ, ಒಂದು ಅಪ್ಪಿಕೊಳ್ಳೋದಕ್ಕೆ." ಐವತ್ತು ವರ್ಷದಿಂದ ಅವರನ್ನು ಬಲ್ಲ ನನಗೆ ಅದು ಗೊತ್ತಿರಲಿಲ್ಲ.

ಆದ್ದರಿಂದ ಹೋಲಿಸುವಾಗ ಎರಡು ಸಂಗತಿ ಬೇರೆಬೇರೆಯಾಗಿ ಕೇಳಿ. ಒಂದು, ಒಬ್ಬರು ಎಷ್ಟು ಜನರನ್ನು ನೋಡಿಕೊಳ್ಳುತ್ತಾರೆ. ಹಗಲಿಗೂ ರಾತ್ರಿಗೂ ರಜೆ ದಿನಕ್ಕೂ ಪ್ರತ್ಯೇಕ ಲೆಕ್ಕ ಕೇಳಿ. ಎರಡು, ಒಬ್ಬ ನಿವಾಸಿಯನ್ನು ಯಾವಾಗಲೂ ಅದೇ ಕೆಲವರೇ ನೋಡಿಕೊಳ್ಳುತ್ತಾರಾ, ಇಲ್ಲ ಸರದಿ ಬದಲಾಗುತ್ತಾ ಇರುತ್ತದಾ. ಹೆಚ್ಚಿನವರು ಮೊದಲನೆಯದನ್ನು ಮಾತ್ರ ಕೇಳುತ್ತಾರೆ. ಎರಡನೆಯದು ಅಷ್ಟೇ ತೂಕದ್ದು.

ಕೆಲಸ ಬಿಟ್ಟು ಹೋಗುವವರ ಸಂಖ್ಯೆಯನ್ನೂ ವಿಚಾರಿಸಿ. ಇದು ಇಡೀ ಲೋಕದ ತಲೆನೋವು. ಅಮೆರಿಕದಲ್ಲಿ 2017 ಮತ್ತು 2018ರ ಅಂಕಿಅಂಶ ಹಿಡಿದು ಮಾಡಿದ ಒಂದು ಅಧ್ಯಯನದಲ್ಲಿ ಆರೈಕೆ ಮನೆಗಳ ನರ್ಸಿಂಗ್ ಸಿಬ್ಬಂದಿ ವರ್ಷಕ್ಕೆ ಸರಾಸರಿ ಶೇಕಡಾ 128ರಷ್ಟು ಬದಲಾಗುತ್ತಾರೆ ಅಂತ ಕಂಡುಬಂತು. ಅಂದರೆ ವರ್ಷದಲ್ಲಿ ಇಡೀ ತಂಡ ಒಂದು ಸಲ ಖಾಲಿಯಾಗಿ ಹೊಸದಾಗಿ ತುಂಬಿದ ಹಾಗೆ, ಇನ್ನೂ ಸ್ವಲ್ಪ ಜಾಸ್ತಿಯೇ. ಈಗಷ್ಟೇ ಒಬ್ಬರ ಕೈ ರೂಢಿಯಾದ ಹಿರಿಯರಿಗೆ ಇದು ಏನು ಮಾಡುತ್ತದೆ ಅಂತ ಊಹಿಸಿ. ನೀವು ಹೋದ ಕಡೆ ಎದುರಿಗೆ ಸಿಕ್ಕ ಆರೈಕೆಯವರನ್ನು "ಇಲ್ಲಿ ಎಷ್ಟು ವರ್ಷದಿಂದ ಇದ್ದೀರಿ" ಅಂತ ಪ್ರೀತಿಯಿಂದ ಕೇಳಿ. ಐದು ಜನರನ್ನು ಕೇಳಿದರೆ ಸಾಕು, ಚಿತ್ರ ಸಿಗುತ್ತದೆ. ಅವರನ್ನು ಆ ಮನೆ ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದೂ ಮುಖ್ಯ. ಅವರಿಗೆ ಕೂರಲು ಜಾಗ ಇದೆಯಾ, ಊಟದ ಬಿಡುವು ಇದೆಯಾ ಅಂತ ನೋಡಿ. ದಣಿದ ಕೈ ನಿಧಾನವಾಗಿ ಬಾಚಣಿಗೆ ಹಿಡಿಯಲಾರದು.

ದೊಡ್ಡದೋ ಚಿಕ್ಕದೋ

ನೂರಾರು ಜನ ಇರುವ ದೊಡ್ಡ ಮನೆ ಒಂದು ಕಡೆ, ಹತ್ತು ಹನ್ನೆರಡು ಜನರ ಚಿಕ್ಕ ಮನೆ ಇನ್ನೊಂದು ಕಡೆ. ಚಿಕ್ಕದರ ಪರವಾಗಿ ಹೇಳಲು ತುಂಬಾ ಇದೆ. 2003ರಲ್ಲಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಟ್ಯುಪೆಲೊದಲ್ಲಿ ಗ್ರೀನ್ ಹೌಸ್ ಎಂಬ ಹೆಸರಿನ ಮೊದಲ ಮನೆಗಳು ಶುರುವಾದವು. ಸುಮಾರು ಹತ್ತು ಜನಕ್ಕೆ ಒಂದು ಮನೆ. ಪ್ರತಿಯೊಬ್ಬರಿಗೂ ಸ್ವಂತ ಕೋಣೆ, ಸ್ವಂತ ಬಚ್ಚಲು. ನಡುವೆ ಅಡುಗೆಮನೆ, ಎಲ್ಲರೂ ಕೂರುವ ಒಂದೇ ಉದ್ದ ಮೇಜು. ಆರೈಕೆ ಮಾಡುವವರೇ ಅಡುಗೆ ಮಾಡುತ್ತಾರೆ, ಮನೆ ನೋಡಿಕೊಳ್ಳುತ್ತಾರೆ. ರೋಸಲಿ ಕೇನ್ ಮತ್ತು ಸಂಗಡಿಗರು ಇಲ್ಲಿನವರನ್ನು ಎರಡು ಸಾಮಾನ್ಯ ಆರೈಕೆ ಮನೆಯವರ ಜೊತೆ ಎರಡು ವರ್ಷ ಹೋಲಿಸಿ 2007ರಲ್ಲಿ ವರದಿ ಮಾಡಿದರು. ಖಾಸಗಿತನ, ಮರ್ಯಾದೆ, ತಮ್ಮ ಇಷ್ಟದಂತೆ ನಡೆಯುವ ಅವಕಾಶ, ಊಟದ ಸಂತೋಷ ಇವುಗಳಲ್ಲಿ ಚಿಕ್ಕ ಮನೆಯವರು ಎರಡೂ ಕಡೆಯವರಿಗಿಂತ ಮುಂದಿದ್ದರು.

ಹಾಗಂತ ಚಿಕ್ಕದು ಅಂದಾಕ್ಷಣ ಒಪ್ಪಿಬಿಡಬೇಡಿ. ಹತ್ತು ಜನರ ಮನೆಯಲ್ಲಿ ಒಬ್ಬ ಆರೈಕೆಯವರಿಗೆ ಹುಷಾರಿಲ್ಲ ಅಂದರೆ ಬದಲಿಗೆ ಬರಲು ಇನ್ನೊಬ್ಬರು ಇಲ್ಲದೆ ಹೋಗಬಹುದು. ನಿಮ್ಮ ಹಿರಿಯರಿಗೆ ಹೊಂದುವ ಒಬ್ಬ ಗೆಳೆಯ, ಗೆಳತಿ ಆ ಹತ್ತರಲ್ಲಿ ಸಿಗದಿರಬಹುದು. ತುಂಬಾ ಮಾತಿನ, ಜನ ಬೇಕೆನ್ನುವ ಸ್ವಭಾವದವರಿಗೆ ದೊಡ್ಡ ಮನೆಯೇ ಒಪ್ಪಬಹುದು. ನನ್ನ ಅನುಭವದಲ್ಲಿ ಸರಿಯಾದ ಪ್ರಶ್ನೆ ಎಷ್ಟು ಜನ ಇದ್ದಾರೆ ಅನ್ನುವುದಲ್ಲ, ದಿನವೂ ಯಾರ ಜೊತೆ ಊಟಕ್ಕೆ ಕೂರುತ್ತಾರೆ ಅನ್ನುವುದು. ಕೆಲವು ದೊಡ್ಡ ಮನೆಗಳು ತಮ್ಮನ್ನು ಒಟ್ಟಿಗೆ ಬಾಳುವ ಚಿಕ್ಕ ಚಿಕ್ಕ ಗುಂಪುಗಳಾಗಿ ಹಂಚಿಕೊಂಡಿರುತ್ತವೆ. ಅಂಥದ್ದು ಸಿಕ್ಕರೆ ಎರಡರ ಒಳ್ಳೆಯದೂ ಸಿಕ್ಕ ಹಾಗೆ.

ಒಂಟಿ ಕೋಣೆಯೋ ಹಂಚಿಕೊಂಡ ಕೋಣೆಯೋ

ಇದರಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಕೈಗೆಟುಕುವುದಾದರೆ ಒಂಟಿ ಕೋಣೆಯನ್ನೇ ಆರಿಸಿ. ಬಾಗಿಲು ಹಾಕಿಕೊಂಡು ಅಳಲು, ಪ್ರಾರ್ಥಿಸಲು, ಮಗಳ ಜೊತೆ ಮನಬಿಚ್ಚಿ ಮಾತಾಡಲು ಒಂದು ಜಾಗ ಬೇಕು. "ಒಬ್ಬರೇ ಇದ್ದರೆ ಒಂಟಿತನ ಕಾಡುತ್ತದೆ, ಜೊತೆಗೊಬ್ಬರು ಇರಲಿ" ಅಂತ ಮಕ್ಕಳು ಹೇಳುವುದನ್ನು ತುಂಬಾ ಕೇಳಿದ್ದೇನೆ. ಆದರೆ ಗೊತ್ತಿಲ್ಲದವರ ಪಕ್ಕದ ಮಂಚ ಸ್ನೇಹ ಆಗುವುದಿಲ್ಲ. ಸ್ನೇಹ ಹೊರಗೆ ಹಜಾರದಲ್ಲಿ, ಊಟದ ಮೇಜಿನಲ್ಲಿ ಹುಟ್ಟುತ್ತದೆ. ಸೋಂಕಿನ ದೃಷ್ಟಿಯಿಂದಲೂ ಇದೇ ಮೇಲು. ಕೋವಿಡ್‌ನ ಮೊದಲ ಅಲೆಯಲ್ಲಿ ಕೆನಡಾದ ಒಂಟಾರಿಯೊದ ಆರೈಕೆ ಮನೆಗಳನ್ನು ಹೋಲಿಸಿದಾಗ, ಒಂದೊಂದು ಕೋಣೆಯಲ್ಲಿ ಹೆಚ್ಚು ಜನ ಇದ್ದ ಮನೆಗಳಲ್ಲಿ ಸೋಂಕು ಎರಡರಷ್ಟು ಹೆಚ್ಚಾಗಿತ್ತು.

ಗಂಡ ಹೆಂಡತಿ, ಅಕ್ಕ ತಂಗಿ, ಹಳೆಯ ಗೆಳತಿಯರು ಒಟ್ಟಿಗೆ ಇರಬೇಕು ಅಂದರೆ ಅದು ಬೇರೆ ಮಾತು. ಇನ್ನು ಹಂಚಿಕೊಂಡ ಕೋಣೆಯೇ ಗತಿ ಅನ್ನುವ ಕುಟುಂಬಗಳೂ ಇವೆ. ಅವರು ಮೂರು ಸಂಗತಿ ಕೇಳಿಕೊಳ್ಳಿ: ಜೊತೆಗಿರುವವರು ಯಾರು ಅಂತ ಮೊದಲೇ ಭೇಟಿ ಮಾಡಿಸುತ್ತಾರಾ, ಹೊಂದದಿದ್ದರೆ ಬದಲಿಸುತ್ತಾರಾ, ನಡುವೆ ಪರದೆಯಾದರೂ ಇದೆಯಾ.

ಹತ್ತಿರವೋ ದೂರವೋ

ದೂರದ ಮನೆ ಸ್ವಲ್ಪ ಚೆನ್ನಾಗಿದೆ, ಹತ್ತಿರದ್ದು ಸಾಧಾರಣ. ಯಾವುದು? ಸಾಮಾನ್ಯವಾಗಿ ಹತ್ತಿರದ್ದು. ಯಾಕೆಂದರೆ ನೀವು ಬಂದು ಹೋಗುವುದೇ ಆರೈಕೆಯ ಒಂದು ಭಾಗ. ನೋಡಲು ಬರುವವರು ಇದ್ದಾರೆ ಅಂತ ಸಿಬ್ಬಂದಿಗೆ ಗೊತ್ತಿದ್ದರೆ ಆ ಹಿರಿಯರ ಸಣ್ಣಪುಟ್ಟ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ.

ಆದರೆ ಬರುವ ರೀತಿಯೂ ಮುಖ್ಯ. ರಿಚರ್ಡ್ ಶುಲ್ಜ್ ಎಂಬ ಸಂಶೋಧಕ 1976ರಲ್ಲಿ ಹಿರಿಯರ ಒಂದು ವಸತಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಭೇಟಿ ಏರ್ಪಡಿಸಿದರು. ಕೆಲವರಿಗೆ ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಅಂತ ತಾವೇ ಹೇಳುವ ಅವಕಾಶ ಇತ್ತು. ಕೆಲವರಿಗೆ ಯಾವಾಗ ಬರುತ್ತಾರೆ ಅಂತ ಮೊದಲೇ ತಿಳಿಸಲಾಗುತ್ತಿತ್ತು. ಕೆಲವರ ಬಳಿಗೆ ಹೇಳದೆ ಕೇಳದೆ ಹೋಗುತ್ತಿದ್ದರು. ಮೊದಲ ಎರಡು ಗುಂಪಿನವರೇ ಹೆಚ್ಚು ಗೆಲುವಾಗಿದ್ದರು. ಕಾಯುವುದರಲ್ಲೂ ಒಂದು ಸುಖ ಇದೆ, ಬರುತ್ತಾರೆ ಅಂತ ಗೊತ್ತಿದ್ದರೆ. ಮುಂದಿನದು ಇನ್ನೂ ಮುಖ್ಯ: ಪ್ರಯೋಗ ಮುಗಿದು ಭೇಟಿಗಳು ನಿಂತ ಮೇಲೆ, ಹೆಚ್ಚು ಗೆಲುವಾಗಿದ್ದ ಅದೇ ಗುಂಪಿನವರು ಹೆಚ್ಚು ಕುಗ್ಗಿದರು. 1978ರ ಮುಂದಿನ ವರದಿ ಇದನ್ನು ತೋರಿಸಿತು. ಮೊದಲ ತಿಂಗಳು ದಿನವೂ ಹೋಗಿ, ಆಮೇಲೆ ಮಾಯವಾಗುವ ಮಕ್ಕಳು ಇದನ್ನು ಎರಡು ಸಲ ಓದಬೇಕು. ವಾರಕ್ಕೊಂದೇ ದಿನ ಸಾಧ್ಯವಾದರೆ ಒಂದೇ ದಿನ ಹೋಗಿ. ಆದರೆ ಅದೇ ದಿನ, ಅದೇ ಹೊತ್ತಿಗೆ ಹೋಗಿ.

ಮನೆಗಳನ್ನು ಹೋಲಿಸುವಾಗ ಭೇಟಿಯ ಹೊತ್ತನ್ನೂ ನೋಡಿ. ಸಂಜೆ ನಾಲ್ಕರಿಂದ ಐದು ಅಂತ ಕಟ್ಟು ಹಾಕಿದ ಮನೆ ನನಗೆ ಒಪ್ಪಿಗೆಯಿಲ್ಲ. ಅವರ ಮನೆಗೆ ಅವರ ಮಕ್ಕಳು ಬರಲು ಒಂದೇ ಗಂಟೆ ಯಾಕೆ?

ಕಾರ್ಯಕ್ರಮಗಳ ಪಟ್ಟಿ

ಗೋಡೆಯ ಮೇಲೆ ಬಣ್ಣಬಣ್ಣದ ವೇಳಾಪಟ್ಟಿ ಇರುತ್ತದೆ. ಹಾಡು, ಆಟ, ವ್ಯಾಯಾಮ. ಅದಕ್ಕೆ ಜಾಸ್ತಿ ಅಂಕ ಕೊಡಬೇಡಿ. ಗುಂಪಿನಲ್ಲಿ ಚಪ್ಪಾಳೆ ತಟ್ಟುವುದು ಎಲ್ಲರಿಗೂ ಹಿಡಿಸುವುದಿಲ್ಲ. ಅವರು ತಮ್ಮ ಕೈಯಾರೆ ಮಾಡುವ ಒಂದು ಕೆಲಸ ಇದೆಯಾ ಅಂತ ನೋಡಿ. ಬಟ್ಟೆ ಮಡಚುವುದೋ, ಗಿಡಕ್ಕೆ ನೀರು ಹಾಕುವುದೋ, ಪತ್ರಿಕೆ ಓದಿ ಹೇಳುವುದೋ, ಯಾವುದಾದರೂ ಸರಿ.

1991ರಲ್ಲಿ ಬಿಲ್ ಥಾಮಸ್ ಎಂಬ ಯುವ ವೈದ್ಯ ನ್ಯೂಯಾರ್ಕ್ ರಾಜ್ಯದ ನ್ಯೂ ಬರ್ಲಿನ್ ಎಂಬಲ್ಲಿ ಚೇಸ್ ಮೆಮೋರಿಯಲ್ ಆರೈಕೆ ಮನೆಯ ಹೊಣೆ ಹೊತ್ತಾಗ, ಒಳಗಿನವರನ್ನು ತಿನ್ನುತ್ತಿರುವುದು ಒಂಟಿತನ, ಬೇಸರ ಮತ್ತು ತಾನು ಯಾರಿಗೂ ಬೇಡವಾದೆ ಅನ್ನುವ ಕೈಲಾಗದತನ ಅಂತ ಕಂಡುಕೊಂಡರು. ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿಗಳನ್ನು ತಂದರು. ಗಿಡ ತಂದರು, ಮಕ್ಕಳನ್ನು ಕರೆಸಿದರು. ಕೋಣೆಯಿಂದ ಹೊರಗೆ ಬರದಿದ್ದವರು ನಾಯಿಯನ್ನು ನಾನು ಸುತ್ತಾಡಿಸುತ್ತೇನೆ ಅಂತ ಮುಂದೆ ಬಂದರು. ನೀವು ನೋಡುವ ಮನೆಯಲ್ಲಿ ನೂರು ಹಕ್ಕಿ ಬೇಕಿಲ್ಲ. ಆ ಹಿರಿಯರಿಗಾಗಿ ಕಾಯುವ ಒಂದು ಜೀವ, ಅವರಿಂದಲೇ ಆಗಬೇಕಾದ ಒಂದು ಕೆಲಸ ಇದೆಯಾ ಅಂತ ಕೇಳಿ. ನೆದರ್ಲೆಂಡ್ಸ್‌ನ ಡೆವೆಂಟರ್‌ನಲ್ಲಿರುವ ಹ್ಯುಮಾನಿಟಾಸ್ ಎಂಬ ಮನೆಯಲ್ಲಿ ವಿದ್ಯಾರ್ಥಿಗಳು ಬಾಡಿಗೆ ಇಲ್ಲದೆ ಇರುತ್ತಾರೆ. ಬದಲಿಗೆ ತಿಂಗಳಿಗೆ 30 ಗಂಟೆ ಹಿರಿಯರಿಗೆ ಒಳ್ಳೆಯ ನೆರೆಯವರಾಗಿರಬೇಕು. ಅಲ್ಲಿನ ಹಜಾರದಲ್ಲಿ ಪರೀಕ್ಷೆ, ಪ್ರೇಮ, ತಡರಾತ್ರಿಯ ಸುದ್ದಿಗಳೂ ಓಡಾಡುತ್ತವೆ. ಕಾಯಿಲೆ ಬಿಟ್ಟು ಬೇರೆ ಮಾತು ಸಿಗುವುದು ಎಷ್ಟು ದೊಡ್ಡ ಬಿಡುಗಡೆ!

ಬೀಳದಂತೆ ಕಾಯುವುದು, ನಡೆಯಲು ಬಿಡುವುದು

ಮಕ್ಕಳಿಗೂ ಹಿರಿಯರಿಗೂ ಹೆಚ್ಚಾಗಿ ಜಗಳ ಬರುವುದು ಇಲ್ಲಿ. ನಮಗೆ ಅವರು ಬೀಳಬಾರದು. ಅವರಿಗೆ ನಡೆಯಬೇಕು. ಒಂದು ಮನೆ "ಇಲ್ಲಿ ಯಾರೂ ಬಿದ್ದಿಲ್ಲ" ಅಂದರೆ ಹೇಗೆ ಅಂತ ಕೇಳಿ. ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿಟ್ಟರೆ ಯಾರೂ ಬೀಳುವುದಿಲ್ಲ. ಮಂಚಕ್ಕೆ, ಕುರ್ಚಿಗೆ ಕಟ್ಟಿಹಾಕುವುದು, ನಿದ್ದೆ ಬರಿಸುವ ಔಷಧಿಯಿಂದ ಸುಮ್ಮನಾಗಿಸುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಅಮೆರಿಕದ 1987ರ ಕಾಯಿದೆ ಅನುಕೂಲಕ್ಕಾಗಿಯೋ ಶಿಕ್ಷೆಯಾಗಿಯೋ ಹೀಗೆ ಮಾಡಬಾರದು ಅಂತ ನಿವಾಸಿಗಳ ಹಕ್ಕನ್ನು ಬರೆದಿಟ್ಟಿತು. ಆಮೇಲೆ ಅಲ್ಲಿ ಕಟ್ಟಿಹಾಕುವುದು ತುಂಬಾ ಕಡಿಮೆಯಾಯಿತು. ಕಟ್ಟಿದವರು ನಡೆಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತಾರೆ. ಆಗ ಬೀಳುವ ಅಪಾಯ ಇನ್ನೂ ಹೆಚ್ಚುತ್ತದೆ.

ಮರೆವಿನ ಕಾಯಿಲೆ ಇರುವವರಿಗೆ ಈ ಪ್ರಶ್ನೆ ಇನ್ನೂ ಕಠಿಣ. ನೆದರ್ಲೆಂಡ್ಸ್‌ನ ವೇಸ್ಪ್‌ನಲ್ಲಿ 2009ರಲ್ಲಿ ತೆರೆದ ಹೊಗೆವೇಕ್ ಎಂಬ ಹಳ್ಳಿ ಇದಕ್ಕೆ ಒಂದು ದಾರಿ ತೋರಿಸಿತು. ಮರೆವಿನ ಕಾಯಿಲೆ (ಡಿಮೆನ್ಶಿಯಾ) ತೀವ್ರವಾಗಿರುವವರು ಆರೇಳು ಜನರ ಮನೆಗಳಲ್ಲಿ ಇರುತ್ತಾರೆ. ಹೊರಗೆ ಬೀದಿ, ಅಂಗಡಿ, ತೋಟ, ನಾಟಕಶಾಲೆ ಎಲ್ಲ ಇವೆ. ಹೊರಬಾಗಿಲು ಒಂದೇ, ಅಲ್ಲಿ ಕಾವಲು ಇದೆ. ಒಳಗೆ ಮಾತ್ರ ಎಲ್ಲಿ ಬೇಕಾದರೂ ತಿರುಗಬಹುದು. ಅಂಥ ಹಳ್ಳಿ ಎಲ್ಲ ಕಡೆ ಸಿಗುವುದಿಲ್ಲ. ಆದರೆ ಹೋಲಿಸಲು ಒಂದು ಅಳತೆ ಸಿಕ್ಕಿತು: ಕಾಪಾಡುವ ಗೋಡೆ ಎಲ್ಲಿದೆ? ಅವರ ಕುರ್ಚಿಯ ಸುತ್ತಲೋ, ಕೋಣೆಯ ಸುತ್ತಲೋ, ತೋಟದ ಸುತ್ತಲೋ? ಗೋಡೆ ದೂರ ಇದ್ದಷ್ಟೂ ಒಳ್ಳೆಯದು.

ಮನೆಯ ತಪ್ಪಲ್ಲದ ಅತೃಪ್ತಿ

ಎಷ್ಟೋ ಸಲ ಬೇಸರಕ್ಕೆ ಕಾರಣ ಆ ಮನೆಯೇ ಅಲ್ಲ. ನೋವು, ಖಿನ್ನತೆ, ಕಿವಿ ಕೇಳಿಸದಿರುವುದು, ಕಣ್ಣು ಮಂಜಾಗಿರುವುದು. ಇವು ಮನಸ್ಸಿನ ತೃಪ್ತಿಯನ್ನು ಒಳಗಿಂದ ಕೊರೆಯುತ್ತವೆ. ಶ್ರವಣ ಸಾಧನದ ಬ್ಯಾಟರಿ ಮುಗಿದು ವಾರವಾದರೂ ಯಾರೂ ಗಮನಿಸದಿದ್ದರೆ ಆ ಹಿರಿಯರು ಊಟದ ಮೇಜಿನಲ್ಲಿ ಒಬ್ಬರೇ ಆಗಿಬಿಡುತ್ತಾರೆ. ಮನೆ ಬದಲಿಸುವ ಮೊದಲು ಇದನ್ನೆಲ್ಲ ನೋಡಿ. ಖಿನ್ನತೆಗೆ ಚಿಕಿತ್ಸೆ ಇದೆ. ವಯಸ್ಸಾದ ಮೇಲೆ ಹೀಗೇ ಅಂತ ಬಿಟ್ಟುಬಿಡುವುದು ಅವರಿಗೆ ಮಾಡುವ ಅನ್ಯಾಯ.

ನೋಡಲು ಹೋಗುವ ಬಗೆ

ಎರಡೂ ಮನೆಗೆ ಕನಿಷ್ಠ ಎರಡು ಸಲ ಹೋಗಿ. ಒಂದು ಸಲ ಹೇಳಿ ಹೋಗಿ, ಒಂದು ಸಲ ಹೇಳದೆ. ರಜೆ ದಿನದ ಸಂಜೆ ಆದರೆ ಇನ್ನೂ ಒಳ್ಳೆಯದು. ಆಗ ಸಿಬ್ಬಂದಿ ಕಡಿಮೆ ಇರುತ್ತಾರೆ, ನಿಜ ಕಾಣಿಸುತ್ತದೆ. ಹಜಾರದಲ್ಲಿ ಅರ್ಧ ಗಂಟೆ ಸುಮ್ನೆ ಕೂರಿ. ಕರೆಗಂಟೆ ಎಷ್ಟು ಹೊತ್ತು ಹೊಡೆದುಕೊಳ್ಳುತ್ತದೆ? ಒಳಗೆ ಹೋಗುವ ಮೊದಲು ಬಾಗಿಲು ತಟ್ಟುತ್ತಾರಾ? ಹಿರಿಯರನ್ನು ಹೆಸರು ಹಿಡಿದು ಕರೆಯುತ್ತಾರಾ, ಇಲ್ಲ ಕೋಣೆಯ ನಂಬರ್ ಹೇಳುತ್ತಾರಾ? ಇಬ್ಬರು ಆರೈಕೆಯವರು ಒಬ್ಬ ಹಿರಿಯರ ತಲೆಯ ಮೇಲಿಂದ ತಮ್ಮತಮ್ಮಲ್ಲೇ ಮಾತಾಡುತ್ತಾರಾ?

ಊಟದ ಹೊತ್ತಿಗೆ ಇರಲು ಕೇಳಿ. ಉಣಿಸುವವರು ನಿಂತಿದ್ದಾರಾ, ಪಕ್ಕದಲ್ಲಿ ಕೂತಿದ್ದಾರಾ ಅನ್ನುವುದನ್ನು ನಾನು ತಪ್ಪದೆ ನೋಡುತ್ತೇನೆ.

ಅಲ್ಲಿರುವವರ ಜೊತೆ ಮಾತಾಡಿ. "ಇಲ್ಲಿ ಚೆನ್ನಾಗಿದೆಯಾ" ಅಂತ ಕೇಳಿದರೆ ಹೌದು ಅನ್ನುತ್ತಾರೆ. ದೂರಿದರೆ ತಮಗೇ ತೊಂದರೆ ಅನ್ನುವ ಭಯ ಇರಬಹುದು, ನೋಡಿಕೊಳ್ಳುವವರ ಮೇಲಿನ ಕೃತಜ್ಞತೆಯೂ ಇರಬಹುದು. ನಮ್ಮ ದೊಡ್ಡಮ್ಮ ಆರು ತಿಂಗಳು ಹಾಗೇ ಅಂದರು. ಬದಲಿಗೆ "ನಿನ್ನೆ ಏನು ಮಾಡಿದಿರಿ, ಬೆಳಿಗ್ಗೆಯಿಂದ ಹೇಳಿ" ಅಂತ ಕೇಳಿ. ದಿನದ ಕಥೆಯಲ್ಲಿ ಎಲ್ಲ ಹೊರಬರುತ್ತದೆ. ನಿವಾಸಿಗಳ ಸಮಿತಿ ಇದೆಯಾ, ಅದು ಕಳೆದ ಸಲ ಏನು ಕೇಳಿತು, ಏನು ಬದಲಾಯಿತು ಅಂತಲೂ ವಿಚಾರಿಸಿ. ಒಂದೇ ಒಂದು ಬದಲಾವಣೆಯನ್ನು ಹೇಳಲಾಗದಿದ್ದರೆ ಸಮಿತಿ ಹೆಸರಿಗೆ ಮಾತ್ರ ಇದೆ ಅಂತ ಲೆಕ್ಕ.

ಎರಡೂ ಸಮ ಅನ್ನಿಸಿದರೆ

ನಾರ್ವೆಯ ಬೆರ್ಗ್‌ಲಾಂಡ್ ಮತ್ತು ಕಿರ್ಕೆವೋಲ್ಡ್ ಎಂಬ ಸಂಶೋಧಕಿಯರು ಆರೈಕೆ ಮನೆಯಲ್ಲಿ ನಲಿವಿನಿಂದ ಇರುವುದು ಹೇಗೆ ಅಂತ ನಿವಾಸಿಗಳಿಂದಲೇ ತಿಳಿಯಲು ಹೊರಟರು. 2006ರಲ್ಲಿ ಅವರು ಬರೆದ ಪ್ರಕಾರ ತಳಹದಿ ಎರಡು: ಒಳ್ಳೆಯ ಆರೈಕೆ, ಮತ್ತು ಅಲ್ಲಿರುವುದರ ಬಗ್ಗೆ ಆ ವ್ಯಕ್ತಿಯ ಸ್ವಂತ ಮನಸ್ಸು. ಸ್ನೇಹ, ಕುಟುಂಬ, ಹೊರಗೆ ಓಡಾಟ, ಕಟ್ಟಡ ಇವೆಲ್ಲ ಆ ಎರಡರ ಮೇಲೆ ಸೇರುವಂಥವು. ಇಲ್ಲಿಗೆ ಬಂದದ್ದು ನನ್ನ ತೀರ್ಮಾನ, ಇಲ್ಲವೇ ಕಡೆಗೆ ನಾನೂ ಒಪ್ಪಿದ ತೀರ್ಮಾನ ಅನ್ನುವವರು ಬೇರೂರುತ್ತಾರೆ. ಆಸ್ಪತ್ರೆಯಿಂದ ನೇರ ತಂದು ಬಿಟ್ಟು "ಸ್ವಲ್ಪ ದಿನ ಅಷ್ಟೇ" ಅಂತ ಸುಳ್ಳು ಹೇಳಿದರೆ ಎಂಥ ಒಳ್ಳೆಯ ಮನೆಯೂ ಜೈಲಾಗುತ್ತದೆ.

ಹಾಗಾಗಿ ಎರಡು ಮನೆಗಳು ಸಮ ಅನ್ನಿಸಿದರೆ ಅವರನ್ನೇ ಕರೆದುಕೊಂಡು ಹೋಗಿ, ಅವರೇ ಆರಿಸಲಿ. ಅವರು ಆರಿಸುವುದು ನಿಮ್ಮ ಆಯ್ಕೆ ಆಗದಿರಬಹುದು. ತೀರಾ ಅಪಾಯ ಇಲ್ಲದಿದ್ದರೆ ಒಪ್ಪಿಕೊಳ್ಳಿ. ಸಾಧ್ಯವಿದ್ದರೆ ಎರಡು ವಾರ ಇದ್ದು ನೋಡುವ ವ್ಯವಸ್ಥೆ ಕೇಳಿ, ವಾಪಸ್ ಬರುವ ಬಾಗಿಲನ್ನು ನಿಜವಾಗಿಯೂ ತೆರೆದಿಡಿ.

ಸೇರುವ ದಿನ ಅವರ ಸ್ವಂತದ ಕೆಲವು ವಸ್ತು ಹೋಗಲಿ. ಕುರ್ಚಿ, ಫೋಟೊ, ಹೊದಿಕೆ, ಗಡಿಯಾರ. ದೊಡ್ಡಮ್ಮ ಎರಡನೇ ಮನೆಗೆ ಹೋದ ದಿನ ನಾನು ಅವರ ಹಳೆಯ ಕುರ್ಚಿಯನ್ನು ಮಂಚದ ಪಕ್ಕ ಇಟ್ಟೆ. ಬೇಡ, ಕಿಟಕಿ ಹತ್ತಿರ ಅಂದರು. ಇಟ್ಟೆ. ಸ್ವಲ್ಪ ಹೊತ್ತು ಕೂತು ನೋಡಿ, ಇಲ್ಲ, ಬಾಗಿಲ ಕಡೆ ಮುಖ ಮಾಡು ಅಂದರು. ತಿರುಗಿಸಿದೆ. ಆಮೇಲೆ ಕೂತರು, ಹಜಾರದಲ್ಲಿ ಹೋಗುವವರನ್ನು ನೋಡಿದರು, ಮತ್ತೆ ನನ್ನನ್ನು ನೋಡಿ "ನೀನು ಹೊರಡು, ಕತ್ತಲಾಗತ್ತೆ" ಅಂದರು.